ಕೈತಪ್ಪಿದ ಕಪ್, ಸಿಡಿದೆದ್ದ ನಗರ

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯ ದಾಖಲೆ ಪುಸ್ತಕದಲ್ಲಿ 1954-55ರ ಪುಟ ತೆರೆದರೆ, ಮಾಂಟ್ರಿಯಲ್ ಕೆನಡಿಯನ್ಸ್ ತಂಡದ ಹೆಸರಿನ ಮುಂದೆ ಕಾಣುವುದು ಇಷ್ಟೆ: ಆಡಿದ ಪಂದ್ಯ 70, ಗೆಲುವು 41, ಸೋಲು 18, ಸಮ 11, ಒಟ್ಟು 93 ಅಂಕ. ಮೊದಲ ಸ್ಥಾನ ಪಡೆದ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡಕ್ಕೆ 95. ಆಮೇಲೆ ನಡೆದ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲೂ ಅದೇ ಡೆಟ್ರಾಯಿಟ್ ಎದುರು ಏಳು ಪಂದ್ಯಗಳ ಹೋರಾಟದಲ್ಲಿ 3-4ರ ಸೋಲು. ಎರಡು ಕಡೆಯೂ ಎರಡನೆಯ ಸ್ಥಾನ.

ಅಂಕಿ ಅಂಶಗಳನ್ನಷ್ಟೇ ನೋಡಿದವರಿಗೆ ಇದು ಕೂದಲೆಳೆಯ ಅಂತರದಲ್ಲಿ ಗೆಲುವು ಕಳೆದುಕೊಂಡ ಒಳ್ಳೆಯ ತಂಡವೊಂದರ ಕಥೆ. ಆದರೆ ಆ ಎರಡು ಅಂಕಗಳ ಹಿಂದೆ ಒಬ್ಬ ಆಟಗಾರನ ಸಿಟ್ಟು, ಒಬ್ಬ ಅಧಿಕಾರಿಯ ಹಟ, ಅಶ್ರುವಾಯುವಿನ ಹೊಗೆ ಮತ್ತು ಬೆಳಗಿನ ಜಾವದವರೆಗೆ ನಡೆದ ದೊಂಬಿ ಇದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಇಪ್ಪತ್ತನೆಯ ಶತಮಾನದ ಚರಿತ್ರೆ ಬರೆಯುವವರು ಯಾರೂ ಆ ರಾತ್ರಿಯನ್ನು ದಾಟಿ ಮುಂದೆ ಹೋಗುವುದಿಲ್ಲ. ಆಟವೊಂದರ ಶಿಸ್ತು ಕ್ರಮ ಒಂದು ಭಾಷೆಯ ಜನರ ಮಾನದ ಪ್ರಶ್ನೆಯಾದದ್ದು ಹೇಗೆ?

ಮಂಜಿನ ಮೇಲಿನ ಆಟ

ಹಾಕಿ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಕೊಡಗಿನ ಮೈದಾನ. ಕೆನಡಾದಲ್ಲಿ ಹಾಕಿ ಎಂದರೆ ಹಿಮಗಟ್ಟಿದ ಅಂಕಣ. ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲದ ಆ ಅಂಕಣದಲ್ಲಿ ಪ್ರತಿ ತಂಡದ ಆರು ಮಂದಿ, ಗೋಲಿಯೂ ಸೇರಿ, ಹರಿತವಾದ ಉಕ್ಕಿನ ಅಲಗುಳ್ಳ ಬೂಟು ಕಟ್ಟಿಕೊಂಡು ಜಾರುತ್ತಾರೆ. ಚೆಂಡಿನ ಬದಲು 'ಪಕ್' ಎಂಬ ಗಟ್ಟಿ ರಬ್ಬರ್ ಬಿಲ್ಲೆ. ತೂಕ ಸುಮಾರು 170 ಗ್ರಾಂ. ಇಪ್ಪತ್ತು ನಿಮಿಷಗಳ ಮೂರು ಅವಧಿ. ಮೈಗೆ ಮೈ ತಾಗಿಸಿ ಎದುರಾಳಿಯನ್ನು ಕೆಡವುವುದು ಆಟದ ಭಾಗವೇ. ಕೈಮಿಲಾಯಿಸಿ ಹೊಡೆದಾಡಿದರೆ ಐದು ನಿಮಿಷ ಹೊರಗೆ ಕುಳಿತು ಮತ್ತೆ ಬರಬಹುದು. 1950ರ ದಶಕದಲ್ಲಿ ಆಟಗಾರರು ತಲೆಗೆ ಹೆಲ್ಮೆಟ್ ತೊಡುವ ರೂಢಿ ಇರಲಿಲ್ಲ. ಗೋಲಿಗಳ ಮುಖಕ್ಕೆ ಮುಖವಾಡವೂ ಇರಲಿಲ್ಲ.

ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಆಗ ಇದ್ದದ್ದು ಆರೇ ತಂಡ. ಕೆನಡಾದಿಂದ ಮಾಂಟ್ರಿಯಲ್ ಮತ್ತು ಟೊರಾಂಟೊ. ಅಮೆರಿಕದಿಂದ ಡೆಟ್ರಾಯಿಟ್, ಬಾಸ್ಟನ್, ನ್ಯೂಯಾರ್ಕ್ ಮತ್ತು ಷಿಕಾಗೊ. ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಮೊದಲ ನಾಲ್ಕು ತಂಡಗಳು ಸ್ಟ್ಯಾನ್ಲಿ ಕಪ್ ಹಂತಕ್ಕೆ ಹೋಗುತ್ತಿದ್ದವು. ಅಂಕಪಟ್ಟಿಯಲ್ಲಿ ಮೇಲಿದ್ದ ತಂಡಕ್ಕೆ ಒಂದು ದೊಡ್ಡ ಅನುಕೂಲವಿತ್ತು: ಸರಣಿ ಏಳನೆಯ ಪಂದ್ಯಕ್ಕೆ ಹೋದರೆ ಅದು ನಡೆಯುವುದು ತನ್ನ ಊರಿನಲ್ಲಿ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

'ರಾಕೆಟ್' ಎಂಬ ಮನುಷ್ಯ

ಮೊರೀಸ್ ರಿಷಾರ್ ಹುಟ್ಟಿದ್ದು 1921ರ ಆಗಸ್ಟ್ 4ರಂದು, ಮಾಂಟ್ರಿಯಲ್‌ನಲ್ಲಿ. ತಂದೆ ಕೆನಡಿಯನ್ ಪೆಸಿಫಿಕ್ ರೈಲ್ವೆಯ ಕೆಲಸಗಾರ. ಮಗ ಕಲಿತದ್ದು ಯಂತ್ರದ ಕೆಲಸ. 1942ರಲ್ಲಿ ಕೆನಡಿಯನ್ಸ್ ತಂಡ ಸೇರಿದಾಗ ಅವರಿಗೆ ಬರುತ್ತಿದ್ದದ್ದು ಫ್ರೆಂಚ್. ಇಂಗ್ಲಿಷ್ ಬಹುಮಟ್ಟಿಗೆ ಬಾರದು. ಮೊದಲ ಋತುವಿನಲ್ಲೇ ಕಾಲು ಮುರಿಯಿತು. ಮೂಳೆ ಗಟ್ಟಿಯಿಲ್ಲದ ಹುಡುಗ, ಹೆಚ್ಚು ದಿನ ಬಾಳುವವನಲ್ಲ ಎಂದವರೂ ಇದ್ದರು.

ಎರಡೇ ವರ್ಷಗಳಲ್ಲಿ ಆ ಮಾತು ಸುಳ್ಳಾಯಿತು. 1944-45ರಲ್ಲಿ ರಿಷಾರ್ 50 ಪಂದ್ಯಗಳಲ್ಲಿ 50 ಗೋಲು ಹೊಡೆದರು. ಲೀಗಿನ ಚರಿತ್ರೆಯಲ್ಲಿ ಒಂದು ಋತುವಿನಲ್ಲಿ ಅಷ್ಟು ಗೋಲು ಹೊಡೆದ ಮೊದಲಿಗರು ಅವರೇ. ಎದುರಾಳಿಯೊಬ್ಬನನ್ನು ಬೆನ್ನ ಮೇಲೆ ಹೊತ್ತಂತೆಯೇ ಗೋಲಿನತ್ತ ನುಗ್ಗುವ ಅವರ ಪರಿ, ಆಗ ಕೆಂಡದಂತೆ ಹೊಳೆಯುವ ಕಣ್ಣು, ಇವು ದಂತಕಥೆಯಾದವು. 'ರಾಕೆಟ್' ಎಂಬ ಅಡ್ಡಹೆಸರು ಅಂಟಿಕೊಂಡಿತು. ಕ್ವಿಬೆಕ್‌ನ ಹಳ್ಳಿಹಳ್ಳಿಯ ಮಕ್ಕಳು ಅವರ 9ನೇ ನಂಬರಿನ ಅಂಗಿ ತೊಟ್ಟರು. ರೋಕ್ ಕ್ಯಾರಿಯೆ ಎಂಬ ಲೇಖಕ 1979ರಲ್ಲಿ ಪ್ರಕಟಿಸಿದ 'ಹಾಕಿ ಸ್ವೆಟರ್' ಕಥೆಯ ವಸ್ತು ಅದೇ ಅಂಗಿ. ಕೆನಡಾದ ಐದು ಡಾಲರ್ ನೋಟಿನ ಮೇಲೂ ಮುಂದೆ ಕೆಲವು ವರ್ಷ ಆ ಕಥೆಯ ಸಾಲು ಅಚ್ಚಾಗಿತ್ತು.

ಸೂಜಿಗಲ್ಲಿನಂತೆ ಜನರನ್ನು ಸೆಳೆಯುವ ಆಟಗಾರನ ಸುತ್ತ ಎದುರಾಳಿಗಳೂ ಮುತ್ತುತ್ತಾರೆ. ರಿಷಾರರನ್ನು ತಡೆಯಲು ಒಂದು ಸುಲಭದ ಹಾದಿ ಎಲ್ಲ ತಂಡಗಳಿಗೂ ಗೊತ್ತಿತ್ತು. ಕೋಲು ಅಡ್ಡ ಹಾಕುವುದು, ಅಂಗಿ ಹಿಡಿದೆಳೆಯುವುದು, ಅವರ ಭಾಷೆ ಹಿಡಿದು ಬೈಯುವುದು. ಸಿಟ್ಟು ನೆತ್ತಿಗೇರಿದರೆ ರಿಷಾರ್ ತಿರುಗಿ ಹೊಡೆಯುತ್ತಿದ್ದರು, ಶಿಕ್ಷೆಗೆ ಒಳಗಾಗುತ್ತಿದ್ದರು. ದಂಡ ತೆತ್ತು ತೆತ್ತು ಅವರಿಗೆ ಸಾಕಾಗಿತ್ತು. ವಿಧಿಸಿ ವಿಧಿಸಿ ಲೀಗಿಗೂ ಸಾಕಾಗಿತ್ತು.

ಕ್ಯಾಂಪ್‌ಬೆಲ್ ಮತ್ತು ಆ ನಗರ

ದಂಡ ವಿಧಿಸುತ್ತಿದ್ದವರು ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್. ಆಕ್ಸ್‌ಫರ್ಡ್‌ನಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಓದಿದವರು, ವಕೀಲರು, ಹಿಂದೆ ಹಾಕಿ ರೆಫರಿಯಾಗಿದ್ದವರು, ಎರಡನೇ ಮಹಾಯುದ್ಧದ ನಂತರ ಜರ್ಮನ್ ಯುದ್ಧಾಪರಾಧಿಗಳ ವಿಚಾರಣೆಯಲ್ಲಿ ಕೆಲಸ ಮಾಡಿದವರು. 1946ರಿಂದ ಅಧ್ಯಕ್ಷರು. ಕಚೇರಿ ಮಾಂಟ್ರಿಯಲ್‌ನಲ್ಲೇ. ನಿಯಮವೆಂದರೆ ನಿಯಮ ಎನ್ನುವ ಜಾಯಮಾನ.

ಆ ಕಾಲದ ಮಾಂಟ್ರಿಯಲ್ ಎಂಥ ನಗರ? ಅಲ್ಲಿನ ಜನರಲ್ಲಿ ಮೂರನೇ ಎರಡರಷ್ಟು ಮಂದಿ ಫ್ರೆಂಚ್ ಮಾತಾಡುವವರು. ಆದರೆ ಬ್ಯಾಂಕು, ರೈಲ್ವೆ, ವಿಮೆ, ದೊಡ್ಡ ಕಾರ್ಖಾನೆಗಳ ಮೇಲ್ದರ್ಜೆಯ ಕುರ್ಚಿಗಳಲ್ಲಿ ಕುಳಿತವರು ಬಹುತೇಕ ಇಂಗ್ಲಿಷ್ ಭಾಷಿಕರು. ಯಂತ್ರದ ಮುಂದೆ ನಿಂತವನ ಭಾಷೆ ಫ್ರೆಂಚ್. ಮೇಸ್ತ್ರಿಯ ಆಜ್ಞೆ ಇಂಗ್ಲಿಷಿನಲ್ಲಿ. ಊರಿನ ಮುಖ್ಯ ಬೀದಿಯಾದ ಸೇಂಟ್ ಕ್ಯಾಥರೀನ್ ರಸ್ತೆಯ ದೊಡ್ಡ ಮಳಿಗೆಗಳಲ್ಲಿ ಫ್ರೆಂಚ್ ಗೃಹಿಣಿ ತನ್ನ ಭಾಷೆಯಲ್ಲಿ ಸಾಮಾನು ಕೇಳಿದರೆ ಉತ್ತರ ಸಿಗುವ ಖಾತ್ರಿ ಇರಲಿಲ್ಲ. ಸರ್ಕಾರಿ ರೈಲ್ವೆ ಕಂಪೆನಿ ನಗರದ ನಡುವೆ ಕಟ್ಟಲು ಹೊರಟ ದೊಡ್ಡ ಹೋಟೆಲಿಗೆ ಇಂಗ್ಲೆಂಡಿನ ರಾಣಿಯ ಹೆಸರಿಡುವುದೇ, ನಗರದ ಫ್ರೆಂಚ್ ಸ್ಥಾಪಕನ ಹೆಸರಿಡುವುದೇ ಎಂಬ ಜಗಳವೂ ಅದೇ ದಿನಗಳದ್ದು. ರಾಣಿಯ ಹೆಸರೇ ಗೆದ್ದಿತು.

ಇದನ್ನು ಕೇವಲ ಭಾವನೆ ಎನ್ನುವಂತಿಲ್ಲ. ಮುಂದೆ 1963ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ದ್ವಿಭಾಷಾ ಆಯೋಗ 1961ರ ಜನಗಣತಿಯ ಅಂಕಿಗಳನ್ನು ತಾಳೆ ನೋಡಿತು. ಕ್ವಿಬೆಕ್‌ನ 14 ಜನಾಂಗೀಯ ಮೂಲಗಳ ದುಡಿಯುವ ಗಂಡಸರ ಸರಾಸರಿ ಆದಾಯದ ಪಟ್ಟಿಯಲ್ಲಿ, ಆ ಪ್ರಾಂತ್ಯದ ಬಹುಸಂಖ್ಯಾತರಾದ ಫ್ರೆಂಚ್ ಮೂಲದವರು ಇದ್ದದ್ದು 12ನೆಯ ಸ್ಥಾನದಲ್ಲಿ. ತಮ್ಮ ಮನೆಯಲ್ಲೇ ಕೆಳಗಿನ ಮೆಟ್ಟಿಲು.

ಇಂಥವರಿಗೆ ಶನಿವಾರ ರಾತ್ರಿ ಫೋರಂ ಕ್ರೀಡಾಂಗಣದಲ್ಲಿ ಕಾಣುತ್ತಿದ್ದ ದೃಶ್ಯ ಬೇರೆ. ಅಲ್ಲಿ ತಮ್ಮವನೊಬ್ಬ ಎಲ್ಲರಿಗಿಂತ ಮುಂದಿದ್ದ. ಯಾರಿಗೂ ತಲೆಬಾಗದೆ ಇದ್ದ.

ಕಿಡಿ ಮೊದಲೇ ಬಿದ್ದಿತ್ತು. ರಿಷಾರ್ ಫ್ರೆಂಚ್ ವಾರಪತ್ರಿಕೆಯೊಂದಕ್ಕೆ ಅಂಕಣ ಬರೆಯುತ್ತಿದ್ದರು. 1954ರ ಜನವರಿಯಲ್ಲಿ, ತಮ್ಮ ತಂಡದ ಬರ್ನಾರ್ಡ್ ಜೆಫ್ರಿಯನ್ ಅಮಾನತಾದಾಗ, ಕ್ಯಾಂಪ್‌ಬೆಲ್‌ರನ್ನು ಸರ್ವಾಧಿಕಾರಿ ಎಂದು ಜರಿದರು. ಪರಿಣಾಮ: ಕ್ಷಮೆ ಕೇಳಬೇಕಾಯಿತು, ಅಂಕಣ ನಿಲ್ಲಿಸಬೇಕಾಯಿತು, ಒಳ್ಳೆಯ ನಡತೆಯ ಖಾತರಿಯಾಗಿ ಸಾವಿರ ಡಾಲರ್ ಠೇವಣಿ ಇಡಬೇಕಾಯಿತು. ಮಾತಾಡುವ ಬಾಯಿಯನ್ನೂ ಕಟ್ಟಿದರು ಎಂದು ಅಭಿಮಾನಿಗಳು ಅಂದುಕೊಂಡರು.

ಬಾಸ್ಟನ್‌ನ ಆ ಸಂಜೆ

1954-55ರ ಋತು ಕೆನಡಿಯನ್ಸ್ ಪಾಲಿಗೆ ತುಂಬಿದ ಕೊಡದಂತೆ ಸಾಗಿತ್ತು. ಹಿಂದಿನ ವರ್ಷ ಸ್ಟ್ಯಾನ್ಲಿ ಕಪ್ ಫೈನಲ್‌ನ ಏಳನೆಯ ಪಂದ್ಯದಲ್ಲಿ ಡೆಟ್ರಾಯಿಟ್ ಎದುರು ಸೋತ ಕಹಿ ಇನ್ನೂ ಬಾಯಲ್ಲಿತ್ತು. ಈ ಸಲ ತೀರಿಸಿಕೊಳ್ಳುವ ಅವಕಾಶ. ರಿಷಾರ್, ಜೆಫ್ರಿಯನ್, ಜಾನ್ ಬೆಲಿವೊ ಮೂವರೂ ಲೀಗಿನ ಅತ್ಯಧಿಕ ಅಂಕಗಳಿಕೆಯ ಪಟ್ಟಿಯಲ್ಲಿ ಮುಂದಿದ್ದರು. ಅಷ್ಟು ವರ್ಷಗಳ ಆಟದಲ್ಲಿ ರಿಷಾರ್‌ಗೆ ಒಮ್ಮೆಯೂ ದಕ್ಕದಿದ್ದ ಆ ಗೌರವ ಈ ಬಾರಿ ಕೈಯಳತೆಯಲ್ಲಿತ್ತು.

ಮಾರ್ಚ್ 13ರಂದು ಬಾಸ್ಟನ್‌ನಲ್ಲಿ ಪಂದ್ಯ. ಬಾಸ್ಟನ್ ತಂಡದ ಹಾಲ್ ಲೇಕೋ ಅವರ ಕೋಲು ರಿಷಾರ್ ತಲೆಗೆ ಬಡಿದು ರಕ್ತ ಬಂತು. ಆಮೇಲೆ ಐದು ಹೊಲಿಗೆ ಹಾಕಬೇಕಾಯಿತು. ರಿಷಾರ್ ಕೋಲೆತ್ತಿ ಲೇಕೋ ಮೇಲೆ ಬಿದ್ದರು. ಬಿಡಿಸಿದರೆ ಮತ್ತೆ ನುಗ್ಗಿದರು. ಕೋಲು ಮುರಿಯುವಂತೆ ಬಾರಿಸಿದರು. ತಮ್ಮನ್ನು ತಡೆದು ಹಿಡಿದಿದ್ದ ಲೈನ್ಸ್‌ಮನ್ ಕ್ಲಿಫ್ ಥಾಂಪ್ಸನ್ ಅವರ ಮುಖಕ್ಕೇ ಗುದ್ದಿದರು. ಪಂದ್ಯದ ನಂತರ ಬಾಸ್ಟನ್ ಪೊಲೀಸರು ಬಂಧಿಸಲು ಬಂದಾಗ ತಂಡದವರು ಉಡುಪು ಕೋಣೆಯ ಬಾಗಿಲಿಗೆ ಅಡ್ಡ ನಿಂತರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ರಿಷಾರ್ ತಪ್ಪು ಮಾಡಿದ್ದರು. ಆಟದ ಅಧಿಕಾರಿಯ ಮೇಲೆ ಕೈಮಾಡುವುದನ್ನು ಯಾವ ಆಟವೂ ಸಹಿಸದು. ಮೂರು ತಿಂಗಳ ಹಿಂದಷ್ಟೆ, 1954ರ ಡಿಸೆಂಬರಿನಲ್ಲಿ, ಟೊರಾಂಟೊದಲ್ಲಿ ಇನ್ನೊಬ್ಬ ಲೈನ್ಸ್‌ಮನ್‌ಗೆ ಕೈಗವಸಿನಿಂದ ಹೊಡೆದು ಅವರು ದಂಡ ತೆತ್ತಿದ್ದರು. ಶಿಕ್ಷೆ ಆಗುವುದೇ ಎಂಬುದು ಪ್ರಶ್ನೆಯಾಗಿರಲಿಲ್ಲ; ಎಷ್ಟು ಎಂಬುದಷ್ಟೇ ಪ್ರಶ್ನೆ.

ಮಾರ್ಚ್ 16ರಂದು ಕ್ಯಾಂಪ್‌ಬೆಲ್ ಕಚೇರಿಯಲ್ಲಿ ವಿಚಾರಣೆ. ತಲೆಗೆ ಪೆಟ್ಟು ಬಿದ್ದು ಮಂಕಾಗಿದ್ದೆ, ಹಿಡಿದಿದ್ದವರು ಬಾಸ್ಟನ್ ಆಟಗಾರರೆಂದು ಭಾವಿಸಿದೆ ಎಂಬುದು ರಿಷಾರ್ ವಾದ. ಅದೇ ದಿನ ತೀರ್ಪು ಬಂತು: ಲೀಗಿನಲ್ಲಿ ಉಳಿದ ಮೂರು ಪಂದ್ಯಗಳಿಗಷ್ಟೇ ಅಲ್ಲ, ಸ್ಟ್ಯಾನ್ಲಿ ಕಪ್ ಪಂದ್ಯಗಳೆಲ್ಲಕ್ಕೂ ಅಮಾನತು. ಲೇಕೋ ಅವರಿಗೆ ಅಮಾನತು ಇಲ್ಲ. ಬೇರೆ ತಂಡಗಳವರಿಗೆ ಇದು ಕಡಿಮೆಯೆನಿಸಿತು. ಮಾಂಟ್ರಿಯಲ್‌ನಲ್ಲಿ ಬೆಂಕಿ ಹತ್ತಿತು. ಕ್ಯಾಂಪ್‌ಬೆಲ್ ಕಚೇರಿಗೆ ಬೆದರಿಕೆಯ ಫೋನುಗಳ ಮೇಲೆ ಫೋನು.

ಮಾರ್ಚ್ 17

ಮರುದಿನವೇ ಫೋರಂನಲ್ಲಿ ಪಂದ್ಯ. ಎದುರಾಳಿ ಡೆಟ್ರಾಯಿಟ್. ಅಂಕಪಟ್ಟಿಯಲ್ಲಿ ಎರಡು ತಂಡಗಳೂ ಸಮಸಮ. ಸಂಜೆಯಿಂದಲೇ ಬಾಗಿಲ ಬಳಿ ಜನ ಸೇರಿ ರಿಷಾರ್‌ಗೆ ಜಯಕಾರ, ಕ್ಯಾಂಪ್‌ಬೆಲ್‌ಗೆ ಧಿಕ್ಕಾರ ಬರೆದ ಫಲಕ ಹಿಡಿದಿದ್ದರು. ಬರದಿರುವುದು ಲೇಸೆಂಬ ಸಲಹೆಗಳಿದ್ದರೂ ಕ್ಯಾಂಪ್‌ಬೆಲ್ ಬಂದರು. ತಡವಾಗಿ, ಮೊದಲ ಅವಧಿಯ ನಡುವೆ, ಎಲ್ಲರ ಕಣ್ಣಿಗೆ ಬೀಳುವಂತೆ ತಮ್ಮ ಎಂದಿನ ಆಸನಕ್ಕೆ ನಡೆದು ಬಂದರು. ಆ ಹೊತ್ತಿಗೆ ಕೆನಡಿಯನ್ಸ್ ಹಿಂದೆ ಬಿದ್ದಾಗಿತ್ತು.

ಮೊಟ್ಟೆ, ಟೊಮೆಟೊ, ಸಿಕ್ಕಿದ್ದೆಲ್ಲ ಅವರತ್ತ ಹಾರಿತು. ಕ್ಯಾಂಪ್‌ಬೆಲ್ ಅಲುಗಲಿಲ್ಲ. ಮೊದಲ ಅವಧಿ ಮುಗಿದಾಗ ಡೆಟ್ರಾಯಿಟ್ 4, ಮಾಂಟ್ರಿಯಲ್ 1. ಕೈಕುಲುಕಲು ಬಂದವನಂತೆ ಹತ್ತಿರ ಬಂದ ಯುವಕನೊಬ್ಬ ಕೈ ಚಾಚಿ ಕೆನ್ನೆಗೆ ಹೊಡೆದ. ಸ್ವಲ್ಪ ಹೊತ್ತಿನಲ್ಲೇ ಹತ್ತಿರದಲ್ಲಿ ಅಶ್ರುವಾಯುವಿನ ಗುಂಡು ಸಿಡಿಯಿತು. ಎಸೆದವರು ಯಾರೆಂದು ಪತ್ತೆಯಾಗಲೇ ಇಲ್ಲ. ಸುಮಾರು 15 ಸಾವಿರ ಪ್ರೇಕ್ಷಕರು ಕಣ್ಣು ಉಜ್ಜುತ್ತ, ಕೆಮ್ಮುತ್ತ ಬಾಗಿಲುಗಳತ್ತ ನುಗ್ಗಿದರು. ಅಗ್ನಿಶಾಮಕ ದಳದ ಮುಖ್ಯಸ್ಥರು ಕ್ರೀಡಾಂಗಣ ತೆರವು ಮಾಡಿಸಿದರು. ಪ್ರಥಮ ಚಿಕಿತ್ಸೆಯ ಕೋಣೆ ಸೇರಿದ್ದ ಕ್ಯಾಂಪ್‌ಬೆಲ್ ಅಲ್ಲಿಂದಲೇ ಚೀಟಿ ಬರೆದು ಕಳಿಸಿದರು: ಪಂದ್ಯವನ್ನು ಡೆಟ್ರಾಯಿಟ್‌ಗೆ ಬಿಟ್ಟುಕೊಡಲಾಗಿದೆ. ಎರಡು ಅಂಕ ಹೋದವು.

ಒಳಗಿನ ಜನ ಹೊರಗಿನ ಜನರೊಂದಿಗೆ ಸೇರಿದಾಗ ಕಥೆ ಕ್ರೀಡಾಂಗಣವನ್ನು ದಾಟಿತು. ಸೇಂಟ್ ಕ್ಯಾಥರೀನ್ ರಸ್ತೆಯುದ್ದಕ್ಕೂ ಗಾಜು ಪುಡಿಯಾಯಿತು. ಕಾರುಗಳು ಜಖಂಗೊಂಡವು. ಅಂಗಡಿಗಳು ಲೂಟಿಯಾದವು. ಬೆಳಗಿನ ಜಾವ ಸುಮಾರು ಮೂರರವರೆಗೆ ಇದು ನಡೆಯಿತು. 12 ಪೊಲೀಸರು, 25 ನಾಗರಿಕರು ಗಾಯಗೊಂಡರು. ನಷ್ಟ ಒಂದು ಲಕ್ಷ ಡಾಲರ್ ಎಂಬ ಅಂದಾಜು. ಸಾವು ಸಂಭವಿಸಲಿಲ್ಲ ಎಂಬುದೇ ಸಮಾಧಾನ. ಕ್ಯಾಂಪ್‌ಬೆಲ್ ಬಂದದ್ದೇ ಪ್ರಚೋದನೆ ಎಂದರು ಮೇಯರ್ ಜಾನ್ ದ್ರಾಪೊ. ಗೂಂಡಾಗಳಿಗೆ ಹೆದರಿ ಮನೆಯಲ್ಲಿ ಕೂರಬೇಕಿತ್ತೆ ಎಂಬುದು ಕ್ಯಾಂಪ್‌ಬೆಲ್ ಪರವಾದವರ ಪ್ರಶ್ನೆ.

ಮಾರ್ಚ್ 18ರ ಸಂಜೆ ರಿಷಾರ್ ಮೈಕಿನ ಮುಂದೆ ಕುಳಿತರು. ಮೊದಲು ಫ್ರೆಂಚ್, ನಂತರ ಇಂಗ್ಲಿಷ್. ಇನ್ನು ಗದ್ದಲ ಬೇಡ, ತಂಡದ ಬೆನ್ನಿಗೆ ನಿಲ್ಲಿ, ನನ್ನ ಶಿಕ್ಷೆ ನಾನು ಅನುಭವಿಸಿ ಮುಂದಿನ ವರ್ಷ ಬರುತ್ತೇನೆ ಎಂದು ಕೇಳಿಕೊಂಡರು. ಪೊಲೀಸರಿಂದ ಆಗದ್ದು ಆ ಕೆಲವು ನಿಮಿಷಗಳಲ್ಲಿ ಆಯಿತು. ಊರು ತಣ್ಣಗಾಯಿತು.

ಉಳಿದ ಪಂದ್ಯಗಳು

ಋತು ಇನ್ನೂ ಮುಗಿದಿರಲಿಲ್ಲ. ಅದರ ಅತ್ಯಂತ ಕಹಿ ಗಳಿಗೆ ಬಂದದ್ದು ಎರಡು ದಿನದ ಮೇಲೆ. ಮಾರ್ಚ್ 19ರಂದು ನ್ಯೂಯಾರ್ಕ್ ಎದುರು ಗೆದ್ದ ಪಂದ್ಯದಲ್ಲಿ ಜೆಫ್ರಿಯನ್ ವೈಯಕ್ತಿಕ ಅಂಕಗಳಿಕೆಯಲ್ಲಿ ರಿಷಾರ್ ಅವರನ್ನು ದಾಟಿದರು. ಅಂತಿಮ ಲೆಕ್ಕ: ಜೆಫ್ರಿಯನ್ 75, ರಿಷಾರ್ 74, ಬೆಲಿವೊ 73. ತಮ್ಮದೇ ಊರಿನ, ತಮ್ಮದೇ ಭಾಷೆಯ, ತಮ್ಮದೇ ತಂಡದ ಹುಡುಗ ಲೀಗಿನ ಅಗ್ರಸ್ಥಾನಕ್ಕೇರಿದಾಗ ಫೋರಂನ ಜನ ಚಪ್ಪಾಳೆ ತಟ್ಟಲಿಲ್ಲ. ಕೂಗಿ ಹೀಗಳೆದರು. ಜೆಫ್ರಿಯನ್ ಬೇಕೆಂದೇ ಗೋಲು ತಪ್ಪಿಸಬೇಕಿತ್ತೆ? ತಪ್ಪಿಸಿದ್ದರೆ ತಂಡಕ್ಕೆ ದ್ರೋಹ. ಹೊಡೆದದ್ದಕ್ಕೆ ರಿಷಾರ್‌ಗೆ ದ್ರೋಹ ಎಂಬ ಆರೋಪ. ಅಭಿಮಾನ ಕುರುಡಾದಾಗ ಮೊದಲು ಗಾಯಗೊಳ್ಳುವವರು ತಮ್ಮವರೇ. ರಿಷಾರ್‌ಗೆ ಆ ಪ್ರಶಸ್ತಿ ಬಾಳಿನಲ್ಲಿ ಎಂದೂ ಸಿಗಲಿಲ್ಲ.

ಮಾರ್ಚ್ 20ರಂದು ಡೆಟ್ರಾಯಿಟ್‌ನಲ್ಲಿ 0-6ರ ಸೋಲು. ಮೊದಲ ಸ್ಥಾನ ಹೋಯಿತು. ಸೆಮಿಫೈನಲ್‌ನಲ್ಲಿ ಬಾಸ್ಟನ್‌ನನ್ನು 4-1ರಿಂದ ಮಣಿಸಿದ ಕೆನಡಿಯನ್ಸ್ ಫೈನಲ್‌ನಲ್ಲಿ ಮತ್ತೆ ಡೆಟ್ರಾಯಿಟ್ ಎದುರು ನಿಂತಿತು. ಆ ಸರಣಿಯ ವಿಚಿತ್ರ ನೋಡಿ: ಏಳಕ್ಕೆ ಏಳೂ ಪಂದ್ಯಗಳನ್ನು ಗೆದ್ದದ್ದು ಆತಿಥೇಯ ತಂಡ. ಏಪ್ರಿಲ್ 14ರ ಕೊನೆಯ ಪಂದ್ಯ ನಡೆದದ್ದು ಡೆಟ್ರಾಯಿಟ್‌ನಲ್ಲಿ, ಏಕೆಂದರೆ ಅಂಕಪಟ್ಟಿಯಲ್ಲಿ ಮೇಲಿದ್ದದ್ದು ಡೆಟ್ರಾಯಿಟ್. ಅಲ್ಲಿ 3-1ರಿಂದ ಕಪ್ ಅವರ ಪಾಲಾಯಿತು.

ಮಾರ್ಚ್ 17ರ ಪಂದ್ಯವನ್ನು ಕೆನಡಿಯನ್ಸ್ ಗೆದ್ದಿದ್ದರೆ ಅಂಕಪಟ್ಟಿ 95-93 ಎಂದು ತಿರುಗಿ, ಏಳನೆಯ ಪಂದ್ಯ ಮಾಂಟ್ರಿಯಲ್‌ನಲ್ಲಿ ನಡೆಯುತ್ತಿತ್ತು. 1-4ರ ಹಿನ್ನಡೆಯಿಂದ ಗೆಲ್ಲುತ್ತಿತ್ತು ಎನ್ನಲು ಆಧಾರವಿಲ್ಲ, ನಿಜ. ಆದರೆ ಆ ಪ್ರಯತ್ನ ಮಾಡುವ ಎರಡು ಅವಧಿಗಳನ್ನು ತಂಡದಿಂದ ಕಸಿದುಕೊಂಡದ್ದು ಅದರ ಅಭಿಮಾನಿಗಳೇ.

ಸೋಲಿನ ಫಲ

ಋತುವಿನ ಕೊನೆಗೆ ತರಬೇತುದಾರ ಡಿಕ್ ಇರ್ವಿನ್ ತಂಡ ಬಿಟ್ಟರು. ಹದಿನೈದು ವರ್ಷ ತಂಡ ನಡೆಸಿದ ಅವರು ಆಟಗಾರರನ್ನು ಕೆರಳಿಸಿ ಆಡಿಸುವ ಪಂಥದವರು. ಬಂದವರು ಟೋ ಬ್ಲೇಕ್. ರಿಷಾರ್ ಅವರ ಪಕ್ಕದಲ್ಲೇ ಆಡಿದ್ದ ಹಳೆಯ ಜೊತೆಗಾರ, ಫ್ರೆಂಚ್-ಕೆನಡಿಯನ್ ತಾಯಿಯ ಮಗ, ಎರಡೂ ಭಾಷೆ ಬಲ್ಲವರು. ಫಲ ಕೂಡಲೇ ಕಂಡಿತು. 1956ರಿಂದ 1960ರವರೆಗೆ ಸತತ ಐದು ಬಾರಿ ಸ್ಟ್ಯಾನ್ಲಿ ಕಪ್. ಅಂಥ ಸಾಧನೆ ಆ ಮೊದಲೂ ಇರಲಿಲ್ಲ, ನಂತರವೂ ಯಾವ ತಂಡಕ್ಕೂ ಸಾಧ್ಯವಾಗಿಲ್ಲ. 1957ರಲ್ಲಿ 500 ಗೋಲು ಮುಟ್ಟಿದ ಮೊದಲ ಆಟಗಾರರಾದ ರಿಷಾರ್, 544 ಗೋಲುಗಳೊಂದಿಗೆ 1960ರಲ್ಲಿ ನಿವೃತ್ತರಾದರು. ಆ ಏಪ್ರಿಲ್ ರಾತ್ರಿ ಗೆದ್ದ ಡೆಟ್ರಾಯಿಟ್‌ಗೆ ಮತ್ತೆ ಕಪ್ ಸಿಕ್ಕಿದ್ದು 1997ರಲ್ಲಿ, 42 ವರ್ಷಗಳ ನಂತರ.

ದೊಂಬಿಯ ನಾಲ್ಕನೆಯ ದಿನ, ಮಾರ್ಚ್ 21ರಂದು, 'ಲ ದುವ್ವಾರ್' ಪತ್ರಿಕೆಯಲ್ಲಿ ಆಂದ್ರೆ ಲೊರಾಂಡೊ ಒಂದು ಲೇಖನ ಬರೆದರು. 1885ರಲ್ಲಿ ಮೆಟಿ ಜನರ ನಾಯಕ ಲೂಯಿ ರಿಯೆಲ್‌ರನ್ನು ಗಲ್ಲಿಗೇರಿಸಿದಾಗ ಕ್ವಿಬೆಕ್ ಹೇಗೆ ಕುದಿದಿತ್ತೋ, ಅದನ್ನು ಅವರು ನೆನೆದರು. ರಾಜಕೀಯದಲ್ಲಿ ದಾರಿ ಕಾಣದ ಜನಾಂಗದ ಸಿಟ್ಟು ಹಾಕಿಯಲ್ಲಿ ಆಶ್ರಯ ಪಡೆದಿದೆ ಎಂಬುದು ಅವರ ಮಾತಿನ ತಿರುಳು. ಎಂಟು ವರ್ಷದ ಮೇಲೆ ನೇಮಕವಾದ ದ್ವಿಭಾಷಾ ಆಯೋಗದ ಇಬ್ಬರು ಅಧ್ಯಕ್ಷರಲ್ಲಿ ಇವರೇ ಒಬ್ಬರು. 12ನೆಯ ಸ್ಥಾನದ ಲೆಕ್ಕವನ್ನು ದೇಶದ ಮುಂದಿಟ್ಟದ್ದು ಅದೇ ಆಯೋಗ.

1960ರಲ್ಲಿ ಕ್ವಿಬೆಕ್‌ನಲ್ಲಿ ಜಾನ್ ಲೆಸಾಜ್ ಸರ್ಕಾರ ಬಂತು. ಶಿಕ್ಷಣ ಚರ್ಚಿನ ಕೈಯಿಂದ ಸರ್ಕಾರದ ಕೈಗೆ ಬಂತು, ವಿದ್ಯುತ್ ಕಂಪೆನಿಗಳು ಪ್ರಾಂತ್ಯದ ಸ್ವತ್ತಾದವು. 1962ರ ಚುನಾವಣೆಯ ಘೋಷಣೆ, ನಮ್ಮ ಮನೆಗೆ ನಾವೇ ಯಜಮಾನರು ಎಂಬುದು. 'ಮೌನ ಕ್ರಾಂತಿ' ಎಂದು ಆ ಕಾಲಕ್ಕೆ ಹೆಸರು. 1977ರ ಶಾಸನ ಫ್ರೆಂಚ್ ಅನ್ನು ದುಡಿಮೆಯ, ವ್ಯಾಪಾರದ ಭಾಷೆಯನ್ನಾಗಿ ಮಾಡಿತು. ಸೇಂಟ್ ಕ್ಯಾಥರೀನ್ ರಸ್ತೆಯ ನಾಮಫಲಕಗಳು ಬದಲಾದವು.

ಇದೆಲ್ಲದರ ಬೀಜ ಮಾರ್ಚ್ 17ರ ರಾತ್ರಿ ಎಂದು ಹೇಳುವವರಿದ್ದಾರೆ. ಆ ಮಾತನ್ನು ಹಾಗೆಯೇ ನುಂಗುವಂತಿಲ್ಲ. ಅಂದಿನ ಕೆನಡಿಯನ್ಸ್ ತಂಡದಲ್ಲಿ ಇಂಗ್ಲಿಷ್ ಭಾಷಿಕ ಆಟಗಾರರೂ ಇದ್ದರು, ಅವರಿಗೂ ಅಷ್ಟೇ ಜಯಕಾರವಿತ್ತು. ಗಾಜು ಒಡೆದವರಲ್ಲಿ ಅನೇಕರು ಸಂದರ್ಭ ಸಿಕ್ಕಿದ ಪುಂಡ ಹುಡುಗರು. 1949ರ ಆಸ್ಬೆಸ್ಟಾಸ್ ಗಣಿ ಮುಷ್ಕರದಂಥ ಘಟನೆಗಳು ನೆಲವನ್ನು ಮೊದಲೇ ಹದ ಮಾಡಿದ್ದವು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಬೆನ್ವಾ ಮೆಲಾನ್ಸೊನ್ 2006ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರಿಷಾರ್ ಒಬ್ಬ ಆಟಗಾರನಿಂದ ಪುರಾಣಪುರುಷನಾಗಿ ಬೆಳೆದ ಬಗೆಯನ್ನು ಬಿಡಿಸಿ ತೋರಿಸಿದ್ದಾರೆ. ಸ್ವತಃ ರಿಷಾರ್ ಕೊನೆಯವರೆಗೂ ತಾನು ಬರಿಯ ಹಾಕಿ ಆಟಗಾರ ಎನ್ನುತ್ತಿದ್ದರು.

ದೊಂಬಿಯಿಂದ ಕ್ರಾಂತಿ ಹುಟ್ಟಲಿಲ್ಲ. ಆದರೆ ಬಹುಕಾಲದಿಂದ ಒಳಗೇ ಕುದಿಯುತ್ತಿದ್ದದ್ದು ಎಷ್ಟು ಬಿಸಿಯಾಗಿದೆ ಎಂಬುದು ಆ ರಾತ್ರಿ ಎಲ್ಲರಿಗೂ ತಿಳಿಯಿತು. ಕುದಿಯುತ್ತಿದ್ದವರಿಗೂ ಆಗಲೇ ತಿಳಿಯಿತು.

1996ರ ಮಾರ್ಚ್ 11ರಂದು ಹಳೆಯ ಫೋರಂ ಮುಚ್ಚುವ ಸಮಾರಂಭ. ನಿವೃತ್ತ ಆಟಗಾರರ ಸಾಲಿನಲ್ಲಿ ರಿಷಾರ್ ಹೆಸರು ಕರೆದಾಗ ಎದ್ದ ಚಪ್ಪಾಳೆ ಬಹಳ ಹೊತ್ತು ಕಳೆದರೂ ನಿಲ್ಲಲಿಲ್ಲ. ನಿಲ್ಲಿಸಿ ಎಂದು ಕೈಯೆತ್ತಿದ ಆ ಗಟ್ಟಿ ಮನುಷ್ಯನ ಕಣ್ಣಲ್ಲಿ ನೀರಿತ್ತು. 2000ದ ಮೇ 27ರಂದು ಅವರು ತೀರಿಕೊಂಡಾಗ ಕ್ವಿಬೆಕ್ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಿತು. ಲಕ್ಷಕ್ಕೂ ಹೆಚ್ಚು ಜನ ಸಾಲಿನಲ್ಲಿ ನಿಂತು ದರ್ಶನ ಪಡೆದರು. ಐದು ಕಪ್ ಗೆದ್ದ ವರ್ಷಗಳ ಪಂದ್ಯಗಳು ಅವರಲ್ಲಿ ಎಷ್ಟು ಮಂದಿಗೆ ನೆನಪಿದ್ದವೋ. ಕಪ್ ಕೈತಪ್ಪಿದ ಆ ಒಂದು ಋತುವನ್ನು ಮಾತ್ರ, ಅಂದು ಇನ್ನೂ ಹುಟ್ಟಿರದಿದ್ದವರೂ ಬಲ್ಲರು.